ಹಿಮ್ಮಡಿಯ ಹುರಿ

ಅಡಿಕೆ ಮರ ಹತ್ತಿ ಗೊನೆ ಕೊಯ್ಯುವುದರಲ್ಲಿ ನನ್ನನ್ನು ಮೀರಿಸುವವ ಇನ್ನೂ ಹುಟ್ಟಿಲ್ಲ. ಮರದ ತುದಿಯಿಂದ ತುದಿಗೆ ಜೀಕುತ್ತ ಬಿಳಗಿಯಿಂದ ಹೆಗ್ಗರಣೆವರೆಗೆ ನೆಲ ಮುಟ್ಟದೆ ಹೋದವ ನಾನು. ಅಂಥವನ ಬಲ ಹಿಮ್ಮಡಿ ಎರಡು ವರ್ಷ ನೋಯಿತು ನೋಡಿ. ಮೀನಖಂಡವನ್ನು ಹಿಮ್ಮಡಿಗೆ ಬಿಗಿದಿರುವ ಒಳಗಿನ ಹುರಿ ಹರಿದಿದ್ದರೆ ಮರ ಹತ್ತುವುದು ಅಲ್ಲಿಗೆ ಮುಗೀತು ಅಂತ ಸಿದ್ದಾಪುರದ ಡಾಕ್ಟ್ರು ಹೆದರಿಸಿ, ಸ್ಕ್ಯಾನಿಂಗಿಗೆ ಶಿರಸಿಗೆ ಅಟ್ಟಿದರು. ಸ್ಕ್ಯಾನಿಂಗಿಗೆ ಹೊಟ್ಟೆ ತುಂಬ ನೀರು ಕುಡಿದು ಹೋಗಬೇಕು ಅಂತ ಊರಿಗೆಲ್ಲ ಗೊತ್ತು. ಮೂರು ಚೊಂಬು ಕುಡಿದೇ ಹೋಗಿ, ಹಾಗಂತ ಹೇಳಿದೆ.

"ಕಾಲಿಗೆ ನೀರೆಂತಕ್ಕೆ ಗೌಡ್ರೇ?" ಎಂದು ಅಲ್ಲಿಯ ಡಾಕ್ಟ್ರು ನಕ್ಕರು. ಹಿಮ್ಮಡಿಗೆ ತಣ್ಣನೆಯ ಲೋಳೆ ಹಚ್ಚಿ ಯಂತ್ರ ಆಡಿಸಿದ ಮೇಲೆ ನಗು ನಿಂತಿತು.

"ಹರಿದಿಲ್ಲ. ಆದ್ರೆ ಇಷ್ಟು ದಪ್ಪದ ಹುರಿ ನಾನು ನೋಡೇ ಇಲ್ಲ."

"ನಿಮ್ದೂ ತೋರ್ಸಿ" ಅಂದೆ. ಪುಣ್ಯಾತ್ಮರು ತಮ್ಮ ಕಾಲಿಗೂ ಯಂತ್ರ ಹಿಡಿದರು. ನನ್ನದು ಗಾಡಿ ಹಗ್ಗ, ಅವರದು ಹೂ ಕಟ್ಟುವ ದಾರ!

"ಬೀಗಬೇಡಿ, ದಪ್ಪ ಆಗಿದ್ದೇ ಕಾಯಿಲೆ. ಮೂರು ತಿಂಗಳು ಮರ ಹತ್ತಬೇಡಿ. ದಿನಾ ಮೆಟ್ಟಿಲ ಅಂಚಿಗೆ ತುದಿಗಾಲಲ್ಲಿ ನಿಂತು ಹಿಮ್ಮಡಿ ಮೆಲ್ಲಗೆ ಇಳಿಸಿ."

ನಮ್ಮ ಮನೆಗೆ ಮೆಟ್ಟಿಲೇ ಇಲ್ಲ. ಕಾಲಿಗೆ ಮರ ಹತ್ತುವ ಬಳ್ಳಿ ಹಾಕಿಕೊಂಡು ಅಡಿಕೆ ಮರದಲ್ಲೇ ಒಂದು ಮೊಳ ಮೇಲೆ ನಿಂತು ದಿನಾ ಹಿಮ್ಮಡಿ ಇಳಿಸಿದೆ. ಒಂದು ಮೊಳಕ್ಕೆ ಹತ್ತುವುದು ಅಂತ ನಮ್ಮಲ್ಲಿ ಯಾರೂ ಹೇಳುವುದಿಲ್ಲ.