ಮೀನಿನ ತೊಟ್ಟಿಗೆ ನಾನೇ ಮಾಡಿದ ದೀಪ

ಜೀನ್ಸ್ ಪ್ಯಾಂಟಿನ ಬಣ್ಣ ನೋಡಿ ಪಾಸು ಮಾಡುವುದು ನನ್ನ ಕೆಲಸ. ಬಳ್ಳಾರಿಯ ಒಂದೇ ಯೂನಿಟ್ಟಿನಲ್ಲಿ ಇಪ್ಪತ್ತೆರಡು ವರ್ಷದಿಂದ ಚೆಕಿಂಗ್ ಟೇಬಲ್ಲಿಗೆ ನಿಂತಿದ್ದೇನೆ. ಪಕ್ಕದಲ್ಲಿ ಸ್ಯಾಂಪಲ್ ಇಟ್ಟುಕೊಂಡು ಹೋಲಿಸುವುದು ಹೊಸಬರ ಕೆಲಸ ಎಂದು ಗೇಲಿ ಮಾಡುತ್ತಿದ್ದೆ. ನನಗೆ ನನ್ನ ಕಣ್ಣು ಸಾಕಿತ್ತು. ಅಷ್ಟು ಸೊಕ್ಕು. ಮಾಲೀಕನಿಗೂ ನನ್ನ ಮಾತೇ ಕೊನೆಯ ಮಾತು.

ಸತ್ಯನಾರಾಯಣಪೇಟೆಯ ನಮ್ಮ ಮನೆಯ ನಡುಕೋಣೆಗೆ ಕಿಟಕಿಯಿಲ್ಲ. ಅಲ್ಲಿ ಮೂರಡಿ ಉದ್ದದ ಗಾಜಿನ ತೊಟ್ಟಿಯಲ್ಲಿ ಮೀನು ಸಾಕಿದ್ದೆ. ತೊಟ್ಟಿಯೊಳಗೆ ನೆಡಲು ಗಿಡ ತಂದುಕೊಟ್ಟವನು ನಮ್ಮ ಯೂನಿಟ್ಟಿನಲ್ಲಿ ಪ್ಯಾಂಟು ತೊಳೆಸಿ ಶೇಡ್ ತರುವ ವಾಷಿಂಗ್ ಮಾಸ್ಟರ್, ಸಿರುಗುಪ್ಪದವನು, ನನ್ನ ಗೆಳೆಯ. ಊರಿಗೆ ಹೋದಾಗ ಕಾಲುವೆಗಿಳಿದು ನೀರೊಳಗಿನ ಉದ್ದೆಲೆಯ ಗಿಡಗಳನ್ನು ಬೇರುಸಮೇತ ಕಿತ್ತು, ಒದ್ದೆ ಗೋಣಿಯಲ್ಲಿ ಸುತ್ತಿ ಬಸ್ಸಿನಲ್ಲಿ ತರುತ್ತಿದ್ದ. ನಮ್ಮ ಕತ್ತಲೆ ಕೋಣೆಯಲ್ಲಿ ಅವು ಹದಿನೈದು ದಿನಕ್ಕೇ ಕೊಳೆಯುತ್ತಿದ್ದವು. ಅಂಗಡಿಯ ದೀಪ ಯಾವುದೂ ಮನಸ್ಸಿಗೆ ಬರಲಿಲ್ಲ, ನಾನೇ ಮಾಡುತ್ತೇನೆಂದು ಹೊರಟೆ.

ಕಿಟಕಿ ಮಾಡುವವನ ಹತ್ತಿರ ಅಲ್ಯೂಮಿನಿಯಂ ಚಾನೆಲ್ ಕತ್ತರಿಸಿಕೊಂಡೆ. ಎಲ್‌ಇಡಿ ಪಟ್ಟಿ ಕೊಳ್ಳಲು ಹೋದಾಗ, ಪ್ಯಾಂಟಿನ ಕಿಸೆಗೆ ಹೊಲಿಯುವ ಬಿಳಿ ಬಟ್ಟೆಯ ತುಂಡೊಂದನ್ನು ಜೊತೆಗೆ ಒಯ್ದೆ. ನಮ್ಮ ಟೇಬಲ್ಲಿನ ಪದ್ಧತಿ ಅದು: ಯಾವ ಬೆಳಕಿನಲ್ಲಿ ಬಿಳಿ ಬಟ್ಟೆ ಬಿಳಿಯಾಗಿ ಕಾಣುತ್ತದೋ ಅದೇ ಸರಿಯಾದ ಬೆಳಕು. ಅಂಗಡಿಯವನು ಮೂರು ಪಟ್ಟಿ ಹೊತ್ತಿಸಿದ. ಎರಡರಲ್ಲಿ ಬಟ್ಟೆ ಅರಿಶಿನದ ನೀರಲ್ಲಿ ಅದ್ದಿದಂತಿತ್ತು. ಮೂರನೆಯದರಲ್ಲಿ ಮಾತ್ರ ಬೆಳ್ಳಗಿತ್ತು.

"ಅಣ್ಣಾ, ಅದು ಭಾಳ ನೀಲಿ ಐತಿ. ನಡುವಿಂದು ತಗೋ," ಅಂದ ಅಂಗಡಿಯವ.

"ಬಣ್ಣದ ವಿಷಯ ನನಗ ಹೇಳಾಕ ಬರಬ್ಯಾಡ," ಅಂದೆ.

ಎರಡು ಭಾನುವಾರ ಕೂತು ಚಾನೆಲ್ ಉಜ್ಜಿ, ಪಟ್ಟಿ ಅಂಟಿಸಿ, ತಂತಿಗೆ ಬೆಸುಗೆ ಹಾಕಿ, ನೀರಿನ ಹಬೆ ತಾಗದಂತೆ ಕೆಳಗೊಂದು ಗಾಜು ಕೂರಿಸಿದೆ. ಸ್ವಿಚ್ ಹಾಕಿದಾಗ ಹೆಂಡತಿ ಸೆರಗಿಗೆ ಕೈ ಒರೆಸುತ್ತ ಬಂದು ನೋಡಿದಳು. "ಏನ್ರೀ ಇದು, ಸ್ಲೀಪರ್ ಬಸ್ಸಿನ ಲೈಟ್ ತಂದು ಹಾಕೀರಲ್ಲ," ಎಂದು ನಕ್ಕಳು. ನನಗೆ ಮೈಯೆಲ್ಲ ಉರಿಯಿತು. ಆ ದಿನ ಊಟ ಬಿಟ್ಟೆ.

ಮುಂದಿನ ಭಾನುವಾರ ಗೆಳೆಯ ಬಂದ. ತೊಟ್ಟಿಯನ್ನು ನೋಡಿದ, ಆಮೇಲೆ ನನ್ನ ಮುಖ ನೋಡಿದ.

"ಲೇ, ಇದು ನಿನಗ ಬಿಳಿ ಕಾಣತೈತೇನು?"

"ಮತ್ತ ಏನು ಕಾಣಬೇಕು?"

"ಒಮ್ಮೆ ಕಣ್ಣು ತೋರಿಸ್ಕೋ. ಚ್ಯಾಷ್ಟಿ ಅಲ್ಲ." ಮೆಲ್ಲಗೆ ಹೇಳಿದ. ಚಹಾ ಕೂಡ ಕೊಡದೆ ಕಳಿಸಿದೆ.

ಮರುದಿನ ಅವನು ತೊಳೆಸಿದ ತೀರ ತಿಳಿಬಣ್ಣದ ಲಾಟ್ ನನ್ನ ಟೇಬಲ್ಲಿಗೆ ಬಂತು. ಪ್ಯಾಂಟುಗಳೆಲ್ಲ ಹಳದಿಗಟ್ಟಿದ್ದವು. ಬ್ಲೀಚು ಹೋಗಿಸುವ ಪುಡಿ ಕಡಿಮೆ ಹಾಕಿದರೆ ಬಟ್ಟೆ ಹಾಗಾಗುತ್ತದೆ. ಮಾಲೀಕನಿಗೆ ಹಾಗೇ ಹೇಳಿದೆ. ಉಳಿಸಿದ ಪುಡಿಯನ್ನು ಹೊರಗೆ ಮಾರಿಕೊಳ್ಳುತ್ತಿರಬೇಕು ಎಂದೂ ಸೇರಿಸಿದೆ. ಅದನ್ನು ಸೇರಿಸಿದ್ದು ಕಣ್ಣಲ್ಲ, ನನ್ನ ಸಿಟ್ಟು.

ಮಾಲೀಕ ಅವನನ್ನು ಕರೆಸಿ ಕೇಳಿದ. "ಶೇಡ್ ಸರಿ ಐತ್ರಿ," ಅಂದ ಗೆಳೆಯ, ಅಷ್ಟೇ. ನನ್ನ ಕಡೆ ಒಮ್ಮೆ ನೋಡಿ ಹೊರಗೆ ನಡೆದ. ಸಂಜೆ ಊಟದ ಡಬ್ಬಿ ಹಿಡಿದು ಹೋದವನು ಮತ್ತೆ ಬರಲಿಲ್ಲ. ಕಳ್ಳನೆಂಬ ಹೆಸರು ಹತ್ತಿದ ಮೇಲೆ ಬಳ್ಳಾರಿಯ ಬೇರೆ ಯೂನಿಟ್ಟಿನವರೂ ಅವನನ್ನು ಸೇರಿಸಿಕೊಳ್ಳಲಿಲ್ಲ.

ಎರಡು ತಿಂಗಳಲ್ಲಿ ತೊಟ್ಟಿಯ ಗಿಡಗಳಿಗೆಲ್ಲ ಕಪ್ಪು ಪಾಚಿ ಮುತ್ತಿತು. ನನಗದು ಕಾಣಲೇ ಇಲ್ಲ, ಹೆಂಡತಿ ಎಲೆ ಕಿತ್ತು ಅಂಗೈಯಲ್ಲಿಟ್ಟು ತೋರಿಸಬೇಕಾಯಿತು. ಅವಳೇ ಹಟ ಹಿಡಿದು ಕಣ್ಣಿನ ಡಾಕ್ಟರ ಹತ್ತಿರ ಎಳೆದೊಯ್ದಳು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮೊದಲು ಬಲಗಣ್ಣಿಗೆ ಆಪರೇಷನ್ ಆಯಿತು.

ಕಣ್ಣಿನ ಪಟ್ಟಿ ಬಿಚ್ಚಿಸಿಕೊಂಡು ಮನೆಗೆ ಬಂದು ದೀಪ ಹಾಕಿದೆ. ತೊಟ್ಟಿಯ ತುಂಬ ನೀಲಿ. ಬಲಗಣ್ಣಿಗೆ ಕೈ ಅಡ್ಡ ಹಿಡಿದು ಎಡಗಣ್ಣಲ್ಲಿ ನೋಡಿದೆ, ಅದೇ ದೀಪ ಬೆಳ್ಳಗಿತ್ತು. ಕೈ ಬದಲಿಸಿ ಮತ್ತೆ ಮತ್ತೆ ನೋಡಿದೆ. ಹಳದಿ ಇದ್ದದ್ದು ಅವನು ತೊಳೆಸಿದ ಬಟ್ಟೆಯಲ್ಲಲ್ಲ, ನನ್ನ ಕಣ್ಣಲ್ಲಿ.

ಗೆಳೆಯ ಕುರುಗೋಡಿನಲ್ಲಿ ಕಲ್ಲು ಪಾಲಿಶ್ ಮಾಡುವ ಶೆಡ್ಡಿನಲ್ಲಿದ್ದಾನೆಂದು ತಿಳಿದು ಹೋದೆ. ಅವನ ಮೈಮುಖವೆಲ್ಲ ಬಿಳಿ ಧೂಳು. ನಾನು ಬಾಯಿ ತೆಗೆಯುವ ಮೊದಲೇ ಕೇಳಿದ, "ಕಣ್ಣು ಮಾಡಿಸ್ಕೊಂಡೇನು?"

"ಹೂಂ. ನಿನಗ ಗೊತ್ತಿತ್ತು. ಅವತ್ತ ಮಾಲೀಕನ ಮುಂದ ಯಾಕ ಹೇಳಲಿಲ್ಲ?"

"ಹೇಳಿದ್ರ ನಿನ್ನ ಕೆಲಸ ಹೋಗ್ತಿತ್ತಲ್ಲ."

ಅವನು ಕೈ ತೊಳೆದುಕೊಂಡು ಬಂದು ಪಕ್ಕದಲ್ಲಿ ಕೂತ. "ಈಗ ನಿನ್ನ ಕಣ್ಣು ಸರಿ ಅದಾವು, ಹೇಳಿದ್ರ ಏನೂ ಆಗಂಗಿಲ್ಲ. ನನಗ ವಾಪಸ್ ಕೆಲಸ ಬ್ಯಾಡ. ನಾನು ಕದ್ದಿಲ್ಲ ಅಂತ ಮಾಲೀಕಗ ಒಂದು ಮಾತು ಹೇಳು, ಸಾಕು. ಮನ್ಯಾಗ ಮಕ್ಕಳು ಕೇಳ್ತಾವು."

"ನಾಳೆನೇ ಹೇಳ್ತೀನಿ," ಅಂದೆ.

ಆ ಮೇಲೆ ಎಡಗಣ್ಣಿಗೂ ಆಪರೇಷನ್ ಆಯಿತು. ಮಾಲೀಕ ದಿನಾ ಬೆಳಿಗ್ಗೆ ನನ್ನ ಟೇಬಲ್ಲಿನ ಎದುರು ನಿಂತು ಮಾತಾಡಿಸಿ ಹೋಗುತ್ತಾನೆ. ಹೇಳಿದರೆ ಕಣ್ಣಿನ ಮಾತಷ್ಟೇ ಅಲ್ಲ, ಪುಡಿ ಮಾರಿದನೆಂದು ನಾನೇ ಕಟ್ಟಿದ ಮಾತೂ ಹೊರಬೀಳುತ್ತದೆ. ಅವನಿಗೆ ಮಾತು ಕೊಟ್ಟು ಎಂಟು ತಿಂಗಳಾಯಿತು. ನಾನು ಇನ್ನೂ ಹೇಳಿಲ್ಲ.