ಚಿಕ್ಕಬೀರಪ್ಪನ ನಂಬರು
ಯಗಟಿಯ ಕಂಬಳಿ ನೇಯುವ ಚಿಕ್ಕಬೀರಪ್ಪನ ಎದುರು 'ನಂಬರು' ಎನ್ನುವ ಹಾಗಿಲ್ಲ. ಎಪ್ಪತ್ತೇಳನೇ ಇಸವಿಯಲ್ಲಿ ಗಣತಿಗೆಂದು ಒಂದೊಂದು ಕಸುಬಿಗೂ ಒಂದೊಂದು ನಂಬರು ಹಾಕಿಕೊಂಡು ಬಂದ ಸರ್ಕಾರದವರು ಇವನನ್ನು ಕುರಿ ಸಾಕುವವರ ನಂಬರಿಗೆ ಸೇರಿಸಿ ಹೋದರು. ಅಂದಿನಿಂದ ಮಗ್ಗದ ಮುಂದೆ ಕೂತರೂ, ಕಡೂರು ಸಂತೆಯಲ್ಲಿ ಕಂಬಳಿ ಹರವಿದರೂ ಅದೇ ಬೈಗುಳ. "ಕುರಿ ಮೇಯಿಸಿದ್ರೆ ಕಂಬಳಿ ತಾನಾಗೇ ಆಗ್ತದೇನ್ರೀ? ಮಾಡೋನು ನಾನು ಕಣ್ರೀ, ನಾನು!" ಎಂದು ಗಿರಾಕಿಯನ್ನೂ ಬಿಡ, ಬಸ್ಸಿನ ಕಂಡಕ್ಟರನ್ನೂ ಬಿಡ. ಕೇಳಿ ಕೇಳಿ ಅವನ ಟಗರು ಕೂಡ ಪ್ಯಾಂಟು ಹಾಕಿದವರನ್ನು ಕಂಡರೆ ಹಾಯಲು ಹೋಗುತ್ತದೆಂದು ಊರು ನಗುತ್ತದೆ. ಹೆಂಡತಿ ಹುಲಿಗೆಮ್ಮನಿಗೆ ಮಾತ್ರ ಆ 'ನಾನು' ಕೇಳಿದಾಗಲೆಲ್ಲ ಮೈ ಉರಿಯುತ್ತದೆ. ಉಣ್ಣೆ ಹಿಂಜಿ ನೂಲುವವಳು ಅವಳು, ಹುಣಸೆಬೀಜ ಅರೆದು ನೂಲಿಗೆ ಗಂಜಿ ಹಾಕುವವಳೂ ಅವಳೇ. ಎಂಬತ್ತರಲ್ಲಿ ಮತ್ತೆ ಗಣತಿಗೆ ಬಂದ ಗುಮಾಸ್ತ ವಾದಕ್ಕೆ ನಿಲ್ಲದೆ ನೇಕಾರರ ನಂಬರನ್ನೇ ಬರೆದುಕೊಂಡು, "ಮನೆಯವರು ಏನ್ ಮಾಡ್ತಾರೆ?" ಎಂದ. ಗೆದ್ದ ಚಿಕ್ಕಬೀರಪ್ಪ ಮೀಸೆ ತಿರುವಿ, "ಅವ್ಳೇನ್ ಮಾಡ್ತಾಳೆ ಸ್ವಾಮಿ, ಸುಮ್ನೆ ಮನೇಲಿರ್ತಾಳೆ," ಎಂದ. ಹುಲಿಗೆಮ್ಮ ತಿರುಗುತ್ತಿದ್ದ ರಾಟೆಯನ್ನು ತಡೆದು ನಿಲ್ಲಿಸಿದಳು. "ಹಂಗಾದ್ರೆ ಇವತ್ತಿಂದ ಸುಮ್ನೇ ಇರ್ತೀನಿ. ನೂಲಿಲ್ದೆ ಅದೇನ್ ನೇಯ್ತೀಯೋ ನೇಯ್ಕೋ!"