ಎರಡನೇ ಚಿಲ್ಲರಿನ ಹಿಂಬದಿ

ಇವತ್ತು ಭಾನುವಾರ. ಆಫೀಸುಗಳಿಗೆ ರಜೆ, ಹಾಗಾಗಿ ನಮಗೆ ಕೆಲಸ. ಬೆಳಿಗ್ಗೆ, ದುಡಿಯಲು ಬಂದ ಈ ಪರದೇಶದ ಕಲ್ಲಾಂಗ್‌ನ ಕಟ್ಟಡದ ತಾರಸಿ ಹತ್ತಿ ಫ್ಯಾನ್ ಬೋಲ್ಟುಗಳ ಬಿಗಿ ನೋಡಿದೆ, ಪ್ರೆಷರ್ ಬರೆದುಕೊಂಡೆ, ಮನೆಗೆ ಬರುತ್ತಾ ಹಾಲು ತಂದೆ, ಒಣಗಿದ ಬಟ್ಟೆ ಮಡಚಿಟ್ಟೆ. ಇನ್ನು, ಮಾಡದೆ ಬಿಟ್ಟ ಒಂದು ಕೆಲಸವನ್ನು ಬರೆಯಬೇಕು. ಎಂಟು ವರ್ಷದ ಹಿಂದೆ, ಅದೇ ತಾರಸಿಯಲ್ಲಿ, ಎರಡನೇ ಚಿಲ್ಲರಿನ ಹಿಂಬದಿಯನ್ನು ನಾನು ತೊಳೆಯಲಿಲ್ಲ. ತೊಳೆದೆ ಎಂದು ಹೇಳಿದೆ. ಅದರಿಂದ ಶಂಕರಣ್ಣ ಕೆಲಸ ಕಳೆದುಕೊಂಡರು.

ಚಿಲ್ಲರ್ ಎಂದರೆ ಇಡೀ ಕಟ್ಟಡದ ಏಸಿಗೆ ನೀರು ತಣ್ಣಗೆ ಮಾಡಿಕೊಡುವ, ಲಾರಿಯಷ್ಟು ದೊಡ್ಡ ಯಂತ್ರ. ಕಟ್ಟಡದ ಬಿಸಿಯನ್ನೆಲ್ಲ ತನ್ನ ಪಕ್ಕೆಯ ತೆಳ್ಳನೆಯ ಲೋಹದ ಪದರಗಳಿಂದ ಗಾಳಿಗೆ ಬಿಡುತ್ತದೆ. ಅಲ್ಲಿ ಧೂಳು ಕೂತರೆ ಅದಕ್ಕೆ ಉಸಿರು ಕಟ್ಟಿದಂತೆ. ಆ ಪದರ ಮಡಚಿಕೊಳ್ಳದ ಹಾಗೆ ಪೈಪು ಹಿಡಿಯುವುದನ್ನು ನನಗೆ ಕಲಿಸಿದವರೇ ಮಂಡ್ಯದ ಶಂಕರಣ್ಣ. "ಮೆಲ್ಲಗೆ ಕಣಪ್ಪಾ, ಎಮ್ಮೆ ಮೈ ತೊಳೀತಿದೀಯಾ?" ಎನ್ನುತ್ತಿದ್ದರು.

ಆ ದಿನ ಎರಡನೇ ಚಿಲ್ಲರ್ ಅವರ ಪಾಲಿನದು. ಕೆಲಸ ಹಂಚಿದ ಹಾಳೆಯಲ್ಲಿ ಅವರದೇ ಹೆಸರು. ಆದರೆ ಅದರ ಹಿಂದೆ, ಗೋಡೆಗೂ ಯಂತ್ರಕ್ಕೂ ನಡುವೆ, ಅಡ್ಡಡ್ಡ ನುಸುಳಿ ಕುಕ್ಕರಗಾಲಲ್ಲಿ ಕೂರಬೇಕು. ಅವರ ಮಂಡಿ ಊದಿತ್ತು. "ನಾನು ಹೋಗ್ತೀನಿ ಬಿಡಿ ಅಣ್ಣ" ಎಂದೆ. ಕೆಲಸ ಹೀಗೆ ಅದಲುಬದಲು ಮಾಡಿಕೊಳ್ಳುವುದು ಕಂಪನಿಯ ನಿಯಮಕ್ಕೆ ವಿರುದ್ಧ. ನಾವು ಮಾಡಿಕೊಳ್ಳುತ್ತಿದ್ದೆವು. ಬಿಸಿಲಿತ್ತು, ಹಸಿವಿತ್ತು — ಇಲ್ಲ, ಅದು ಯಾವ ದಿನ ಇರಲಿಲ್ಲ? ಮುಂಬದಿ ತೊಳೆದೆ, ಹಿಂದೆ ಇಣುಕಿಯೂ ನೋಡಲಿಲ್ಲ. ಅವರು ನನ್ನನ್ನು ನಂಬಿ ಸಹಿ ಹಾಕಿದರು.

ಎರಡು ವಾರ ಕಳೆದು ಯಂತ್ರ ನಿಂತುಹೋಯಿತು. ಆಫೀಸಿನವರೆಲ್ಲ ಬೆವರುತ್ತಾ ಕೆಳಗಿಳಿದು ನಿಂತರು. ಮ್ಯಾನೇಜರ್ ಕರೆಯುವ ಮೊದಲು ಶಂಕರಣ್ಣ ಕೇಳಿದ್ದು ಒಂದೇ ಮಾತು: "ಸುರೇಶ, ಹಿಂದ್ಗಡೆ ತೊಳ್ದಿದ್ದೆ ತಾನೆ?"

"ತೊಳ್ದಿದ್ದೆ ಅಣ್ಣ."

ಆ ಮಾತನ್ನು ಹಿಡಿದುಕೊಂಡು ಅವರು ಒಳಗೆ ಹೋದರು. ನನ್ನ ಹೆಸರು ಎತ್ತಲಿಲ್ಲ. ತೊಳೆದಾಗಿತ್ತು ಸಾರ್, ಪಕ್ಕದ ಕಟ್ಟಡ ಒಡೀತಿದಾರೆ, ಆ ಧೂಳು ಇರಬೇಕು ಎಂದು ವಾದಿಸಿದರು. ಮ್ಯಾನೇಜರ್ ತನ್ನ ಫೋನಿನ ಫೋಟೋ ತೋರಿಸಿದ. ಕಂಬಳಿ ಹೊದ್ದಂತೆ ಕೂತಿದ್ದ, ತಿಂಗಳುಗಟ್ಟಲೆಯ ಕೊಳೆ. ನಾನು ಬಾಗಿಲ ಬಳಿ ನಿಂತಿದ್ದೆ. ಫೋಟೋ ನೋಡಿದ ಶಂಕರಣ್ಣ ತಿರುಗಿ ನನ್ನನ್ನು — ನಾನು ನೆಲ ನೋಡಿದೆ. ಈ ದೇಶದಲ್ಲಿ ದುಡಿಯುವ ಅವರ ಪರ್ಮಿಟ್ ಮುಂದುವರಿಯಲಿಲ್ಲ, ಊರಿಗೆ ಮರಳಿದರು. ಅವರ ಜಾಗ, ಕ್ರಮೇಣ, ನನಗೇ ಬಂತು.

ಇವತ್ತು ಮಧ್ಯಾಹ್ನ ನಮ್ಮ ಮನೆಯ ಕಟ್ಟಡದ ಕೆಳಗಿನ ತೆರೆದ ಜಾಗದಲ್ಲಿ, ವಾಯ್ಡ್ ಡೆಕ್ಕಿನ ಕಲ್ಲುಬೆಂಚಿನ ಮೇಲೆ ಕೂತು ಊರಿಗೆ, ಶಂಕರಣ್ಣನಿಗೆ ಫೋನ್ ಮಾಡಿದೆ. ಎಲ್ಲವನ್ನೂ ಹೇಳಿದೆ. ಆ ಕಡೆ ಕುಕ್ಕರ್ ಕೂಗಿತು; ಅದನ್ನು ಇಳಿಸಿ ಬಂದು ಶಂಕರಣ್ಣ ಅಂದರು:

"ಗೊತ್ತಿತ್ತು ಕಣೋ. ಫೋಟೋ ನೋಡ್ದಾಗ್ಲೇ ಗೊತ್ತಾಯ್ತು. ಆವತ್ತು ನಾನು ಕೇಳ್ದಾಗ ಇಲ್ಲ ಅಂದಿದ್ರೆ ಇಬ್ರೂ ಉಗಿಸ್ಕೊಂಡು ಬತ್ತಿದ್ವಿ, ಅಷ್ಟೇಯ. ಕೆಲ್ಸ ಹೋಗಿದ್ದಕ್ಕಲ್ಲ ನಂಗೆ ಬೇಜಾರು... ಶಂಕರ ಸುಳ್ಳ ಅಂತ ಅಂದ್ಕೊಂಡ್ಬುಟ್ನಲ್ಲ ಆ ಮ್ಯಾನೇಜರು. ನಂಗ್ಯಾಕೋ ಹೇಳ್ತಿದೀಯ? ಅವ್ನಿಗೆ ಹೇಳು."

ಮ್ಯಾನೇಜರ್ ಈಗಲೂ ಅವನೇ. ನಾಳೆ ಒಂಬತ್ತಕ್ಕೆ ಸಮಯ ಕೇಳಿ ಮೆಸೇಜ್ ಕಳಿಸಿದೆ. ಬಾ ಎಂದಿದ್ದಾನೆ.

ಊಟಕ್ಕೆ ಕೂತಾಗ ಹೆಂಡತಿ ಸುಧಾಗೆ ತಿಳಿಸಿದೆ. "ನಿಮ್ಮ ಕೆಲಸ ಹೋದ್ರೆ?" ಎಂದಳು. ಹೋಗಬಹುದು ಎಂದೆ. ಸಾರು ಬಡಿಸುತ್ತಾ, "ಎಂಟು ವರ್ಷ ನಂಗೂ ಹೇಳ್ಲಿಲ್ವಲ್ಲಾ ನೀವು" ಎಂದಳು. ಹುರುಳಿಕಾಯಿ ಪಲ್ಯ, ತಿಳಿಸಾರು, ಅನ್ನ. ನಾನು ಎರಡನೇ ಸಲ ಬಡಿಸಿಕೊಳ್ಳಲಿಲ್ಲ. ಅವಳು ತಟ್ಟೆ ತೊಳೆದಿಟ್ಟು, ಗೋಡೆಯ ಕಡೆ ತಿರುಗಿ, ಮೊದಲು ಮಲಗಿದಳು.